ತಗಡೋ ಫೈಬರೋ

ಮಗಳ ತುಟಿ ಬಿಳಿಚಿತೆಂದರೆ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಮುಗಿಲು ನೋಡುತ್ತಿದ್ದೆವು, ಆಮೇಲೆ ಜೀಪು. ಆರು ವರ್ಷದ ಕೂಸು. ಅವಳ ಮೈ ತಾನಾಗಿ ರಕ್ತ ಮಾಡಿಕೊಳ್ಳುವುದಿಲ್ಲ, ಮೂರು ವಾರಕ್ಕೊಮ್ಮೆ ಏರಿಸಲೇಬೇಕು ಎಂದು ಗುಲ್ಬರ್ಗಾದ ಡಾಕ್ಟರು ಹೇಳಿದ್ದರು. ರಕ್ತ ಸುಮ್ಮನೆ ಸಿಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಒಬ್ಬ ಮನುಷ್ಯನನ್ನು ಕರೆದುಕೊಂಡು ಹೋಗಿ ಅವನ ರಕ್ತ ಕೊಡಿಸಿದರೆ, ಇವಳ ಗ್ರೂಪಿನದು ಕೊಡುತ್ತಿದ್ದರು. ಎಕ್ಸ್‌ಚೇಂಜ್.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದ ತವರಿನಿಂದ, ಕಾನ್ವೆಂಟಿನ ಇಂಗ್ಲಿಷು ಕಟ್ಟಿಕೊಂಡು, ನಾನು ಸೊಸೆಯಾಗಿ ಬಂದದ್ದು ಮಣ್ಣೂರಿನಿಂದ ಒಳಗೆ, ಭೀಮಾ ದಂಡೆಯ ಗೌಡರ ಮನೆಗೆ. ಡಾಂಬರು ಮುಟ್ಟುವವರೆಗೆ ಬರೀ ಎರೆ ಮಣ್ಣಿನ ದಾರಿ. ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಹೋಳಿಗೆಯ ಕಣಕ. ಗಾಲಿಗೆ ಮೆತ್ತಿಕೊಂಡ ಆ ರಾಡಿ ಮೇಲೇರಿ ಮಡ್‌ಗಾರ್ಡಿನ ಒಳಗೆ ತುಂಬಿ, ಕೊನೆಗೆ ಗಾಲಿ ತಿರುಗುವುದೇ ನಿಂತುಬಿಡುತ್ತಿತ್ತು. ನಮ್ಮ ಹಳೆಯ ತಗಡಿನ ಮಡ್‌ಗಾರ್ಡುಗಳೋ ತುಕ್ಕು ಹಿಡಿದು, ಅಂಚು ಒಳಕ್ಕೆ ಮಡಚಿಕೊಂಡು, ಟೈರನ್ನೇ ಕಚ್ಚುತ್ತಿದ್ದವು.

ಆ ವರ್ಷ ಮೃಗಶಿರದಲ್ಲಿ ಒಮ್ಮೆ ಹಾಗೆ ನಡುದಾರಿಯಲ್ಲಿ ಸಿಕ್ಕಿಬಿದ್ದೆವು. ಮನೆಯವರು ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗಾಲಿ ಕೆರೆಯುತ್ತಿದ್ದರು. ನನ್ನ ತೊಡೆಯ ಮೇಲೆ ಮಗಳು ಕಣ್ಣು ಮೇಲೆ ಮಾಡತೊಡಗಿದ್ದಳು. ಓ ಗಾಡ್, ಓ ಗಾಡ್ ಎನ್ನುತ್ತ ಅವಳ ಕೆನ್ನೆ ತಟ್ಟುತ್ತಿದ್ದೆ. ಅವತ್ತು ಹೇಗೋ ಮುಟ್ಟಿದೆವು.

ಇನ್ನೊಮ್ಮೆ ಹೀಗಾದರೆ ಕೂಸು ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಗಿತ್ತು. ಮನೆಯವರು ಜೇವರ್ಗಿಯಲ್ಲಿ ಒಬ್ಬ ಕಂತ್ರಾಟುದಾರನ ಜೀಪಿಗೆ ಫೈಬರಿನ ಮಡ್‌ಗಾರ್ಡು ನೋಡಿ ಬಂದಿದ್ದರು. ಅಫಜಲಪುರದ ಗ್ಯಾರೇಜಿನವನು ತಗಡಿನದು, ಫೈಬರಿನದು ಎರಡನ್ನೂ ತಂದು ನೆಲದ ಮೇಲೆ ಇಟ್ಟ.

"ಇದು ಪತ್ರಾ, ಬಗ್ತದ. ಅದು ಪ್ಲಾಸ್ಟಿಕ್ಕು, ಒಡೀತದ. ವರ ನೋಡಿದಂಗ ಆತ್ರಿ ಗೌಡ್ರ, ಯಾವುದಕ್ಕರ ಒಂದು ಐಬು ಇರೂದಾ."

"ರಾಡಿ ಯಾವುದಕ್ಕ ಹಿಡಿಯಂಗಿಲ್ಲ, ಅಷ್ಟು ಹೇಳೋ ಮಾರಾಯ."

"ಪ್ಲಾಸ್ಟಿಕ್ಕಿಗಿ ಹಿಡಿಯಂಗಿಲ್ರಿ. ಜಾರಿ ಬೀಳ್ತದ."

ನಾನು ಫೈಬರಿನ ಒಳಮೈ ಸವರಿ ನೋಡಿದೆ. ಪಿಂಗಾಣಿ ತಟ್ಟೆಯ ಹಾಗೆ ನುಣುಪು. "ಇದಾ ಇರ್ಲಿ," ಎಂದೆ. ಅವರೂ ಹೂಂ ಎಂದರು.

ನಮ್ಮ ಜೀಪಿನಲ್ಲಿ ಕೂಡುವುದಕ್ಕೆ ಒಂದು ಪದ್ಧತಿ ಇತ್ತು. ಹಿಂದಿನ ಬೆಂಚು, ಪರದೆ ಹಾಕಿ, ಹೆಣ್ಣುಮಕ್ಕಳಿಗೆ. ಜೀಪು ನಡೆಸುತ್ತಿದ್ದವರು ಮನೆಯವರೇ, ಅವರ ಪಕ್ಕದ ಸೀಟು ಮಾವನವರದು. ಅವರು ಬರದಿದ್ದರೂ ಅದು ಖಾಲಿ ಹೋಗುತ್ತಿತ್ತು. ಉಳಿದ ಗಂಡಸರು, ನಮ್ಮ ಮಗಳಿಗೆ ರಕ್ತ ಕೊಡಲು ಬಂದವರೂ ಸಹ, ಮುಂದಿನ ಮಡ್‌ಗಾರ್ಡಿನ ಮೇಲೆ ಹತ್ತಿ ಗಾಜಿನ ಚೌಕಟ್ಟು ಹಿಡಿದು ಕೂಡುತ್ತಿದ್ದರು. ಗೌಡರ ಸೊಸೆಯ ಎದುರು ಮೊಣಕಾಲಿಗೆ ಮೊಣಕಾಲು ಕೊಟ್ಟು ಕೂಡುವವರು ಯಾರೂ ಇರಲಿಲ್ಲ.

ಶ್ರಾವಣ. ಎರಡು ದಿನದ ಜಿಟಿಜಿಟಿ ಮಳೆಯ ಮೇಲೆ ಹೊರಟೆವು. ಆ ಸಲ ರಕ್ತ ಕೊಡುವವನು ನಮ್ಮ ಹೊಲದ ಬದುವಿಗೆ ಬದು ಹಚ್ಚಿದವನು. ಬಂದವನೇ ಎಡಗಡೆ ಮಡ್‌ಗಾರ್ಡಿಗೆ ಕೈ ಹಾಕಿದ.

"ಲೇ ತಮ್ಮಾ, ಅದು ಪ್ಲಾಸ್ಟಿಕ್ಕು. ಹಿಂದ ಕುಂದರು," ಎಂದರು ಮನೆಯವರು.

"ಅವ್ವಾರ ಅದಾರಲ್ರಿ."

"ಇದ್ರ ಏನಾತು? ಪ್ಲೀಸ್, ಒಳಗ ಬರ್ರಿ," ಎಂದೆ ನಾನು ಪರದೆ ಸರಿಸಿ.

"ಬ್ಯಾಡ್ರಿ ಅವ್ವಾರ, ಮಂದಿ ಏನಂದಾರು? ನಾ ಹಗರ ಅದೀನಿ. ಒಂದು ಜ್ವಾಳದ ಚೀಲದಷ್ಟೂ ಇಲ್ಲ." ಅರ್ಧ ಕುಂಡಿ ಮಾತ್ರ ಊರಿ ಕೂತ, ಉಳಿದರ್ಧ ಗಾಳಿಯಲ್ಲಿ.

ಫೈಬರು ಮಾತು ಉಳಿಸಿಕೊಂಡಿತು. ರಾಡಿ ಪಚಪಚ ಉದುರುತ್ತಿತ್ತು, ಗಾಲಿ ಎಲ್ಲೂ ಕಟ್ಟಲಿಲ್ಲ. ಹಳ್ಳದ ಇಳಿಜಾರಿನಲ್ಲಿ ಗಾಲಿ ಗುಂಡಿಗೆ ಬಿತ್ತು. ಲಟ್ ಎಂದು ಸದ್ದು. ಮಡ್‌ಗಾರ್ಡು ಎರಡಾಗಿ ಸೀಳಿ, ಅವನ ಕಾಲು ಅದರೊಳಗೆ ಇಳಿದಿತ್ತು. ಒಡೆದ ಅಂಚು ಮೀನಖಂಡವನ್ನು ಉದ್ದಕ್ಕೆ ಕೊಯ್ದಿತ್ತು. ನನ್ನ ಸೆರಗು ಹರಿದು ಬಿಗಿದು ಕಟ್ಟಿದೆ, ಕಟ್ಟಿದಷ್ಟೂ ತೊಯ್ಯುತ್ತಿತ್ತು.

"ಅವ್ವಾರ, ಸುಮ್ನ ಹೊಂಟದಲ್ರಿ ಇದು. ಬಾಟ್ಲಿ ಇದ್ರ ಹಿಡೀರಿ," ಎಂದು ನಕ್ಕ.

ಗುಲ್ಬರ್ಗಾದಲ್ಲಿ ಅವನಿಗೆ ಹೊಲಿಗೆ ಹಾಕಿದರು. ಅವನ ರಕ್ತ ತೆಗೆಯುವುದಿಲ್ಲ ಎಂದರು. ಮನೆಯವರು ಹೋದ ಸಲವೇ ಕೊಟ್ಟಿದ್ದರು, ಮೂರು ತಿಂಗಳು ಮತ್ತೆ ಕೊಡುವಂತಿರಲಿಲ್ಲ. ನನ್ನ ಮೈಯಲ್ಲಿ ಕೊಡುವಷ್ಟು ಇರಲಿಲ್ಲ. ಮೊದಲೇ ಟೆಸ್ಟ್ ಮಾಡಿ ವಾಪಸ್ ಕಳಿಸಿದ್ದರು. "ಡಾಕ್ಟರ್, ಐ ಬೆಗ್ ಆಫ್ ಯೂ," ಎಂದು ಕಾರಿಡಾರಿನಲ್ಲಿ ಆತನ ಮುಂದೆ ಕೈ ಜೋಡಿಸಿ ನಿಂತೆ. ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಅಷ್ಟು ನಿರ್ಲಜ್ಜೆಯಾಗಿ ನಾನು ಮತ್ತೆಂದೂ ಮಾತಾಡಿಲ್ಲ. ಕೊನೆಗೆ ಆತ ಅರ್ಧ ಬಾಟಲಿ ಕೊಡಿಸಿದ. "ಇದು ಒಂದು ವಾರ ತಡೀತದಮ್ಮಾ. ಬರೋ ವಾರ ಇಬ್ಬರನ್ನ ಕರ್ಕೊಂಡು ಬರ್ರಿ."

ಊರಲ್ಲಿ ಇಬ್ಬರು ಒಪ್ಪಿದರು. ಒಡೆದ ಮಡ್‌ಗಾರ್ಡು ಬದಲಿಸಲು ಮಳೆಯಲ್ಲಿ ಇತ್ತ ಬರಲಾರೆ ಎಂದು ಗ್ಯಾರೇಜಿನವನು ಹೇಳಿ ಕಳಿಸಿದ. ಮುಂದಿನ ವಾರ ಬೆಳಿಗ್ಗೆ ಆ ಇಬ್ಬರೂ ಬಂದು ಜೀಪಿನ ಸುತ್ತ ತಿರುಗಿದರು. ಎಡಗಡೆ ಬತ್ತಲೆ ಗಾಲಿ. ಬಲಗಡೆಯ ಫೈಬರು ಹತ್ತುವ ಧೈರ್ಯ ಇಬ್ಬರಿಗೂ ಇಲ್ಲ. ಹಿಂದೆ ನಾನು.

"ನಾವು ಡಾಂಬರ್ ತನಕ ನಡಕೊಂತ ಬರ್ತೇವ್ರಿ ಗೌಡ್ರ," ಎಂದ ಒಬ್ಬ. ಆ ರಾಡಿಯಲ್ಲಿ ನಡೆದು ಬಂದರೆ ಮಧ್ಯಾಹ್ನವೇ. ಮಗಳ ಉಸಿರು ಆಗಲೇ ಸಣ್ಣಗಾಗಿತ್ತು.

ನಾನು ಅವಳನ್ನು ಎತ್ತಿಕೊಂಡು ಕೆಳಗಿಳಿದೆ. ಕಟ್ಟೆಯ ಮೇಲೆ ಮಾವನವರು ಕೂತಿದ್ದರು, ಓಣಿಯ ಮಂದಿ ನಿಂತಿದ್ದರು. ಸುತ್ತು ಹಾಕಿ ಬಂದು ಮಾವನವರ ಸೀಟಿನಲ್ಲಿ ಕೂತೆ.

"ಏನ್ ಮಾಡಾಕತ್ತೀ?" ಎಂದರು ಮನೆಯವರು ಸಣ್ಣ ದನಿಯಲ್ಲಿ.

"ಅವರು ಹಿಂದ ಕುಂದರ್ಲಿ. ಗಾಡಿ ಚಾಲೂ ಮಾಡ್ರಿ."

ಮಾವನವರು ಕೆಮ್ಮಿ ಆಚೆ ಮುಖ ತಿರುಗಿಸಿದರು. ಹಿಂದಿನಿಂದ ಇಬ್ಬರು ಹತ್ತಿದ ಭಾರಕ್ಕೆ ಜೀಪು ಸ್ವಲ್ಪ ಕುಗ್ಗಿತು. ಊರ ಅಗಸೆ ಬಾಗಿಲು ದಾಟುತ್ತಲೇ ಬತ್ತಲೆ ಗಾಲಿ ರಾಡಿಯನ್ನು ಎತ್ತಿ ಎತ್ತಿ ನನ್ನ ಮುಖಕ್ಕೇ ಹೊಡೆಯತೊಡಗಿತು. ಕಣ್ಣು, ಬಾಯಿ, ಮೂಗುತಿ ಎಲ್ಲ ಎರೆ ಮಣ್ಣು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸೆರಗಿನೊಳಗೆ ಮಗಳನ್ನು ಅವುಚಿಕೊಂಡು, ಅವಳ ಎದೆ ಏಳುತ್ತಿದೆಯೇ ಎಂದು ಮೊಣಕೈಯಿಂದಲೇ ನೋಡುತ್ತ ಕೂತಿದ್ದೆ. ಡಾಂಬರು ಹತ್ತಿ ಚೌಡಾಪುರ ದಾಟುವವರೆಗೂ ಆ ಏಳುಬೀಳನ್ನು ಎಣಿಸುತ್ತಲೇ ಇದ್ದೆ.