ಕೆಂಪು ಸ್ವೆಟರಿನ ಫೋಟೋ

ಖಾನಾಪುರದ ಬಸ್ಸಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಹೊರಡುವ ಮುಂಚೆ ಬೆಳಗಾವಿಯಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗೆ ಹೋಗಿದ್ದೆ. ಮಾರುವ ಹೆಂಗಸು ಏಳು ವರ್ಷದವಳಿದ್ದಾಗ ಹಿಮದ ಗುಡ್ಡ ದಾಟಿ ಬಂದು ಮುಂಡಗೋಡದ ಟಿಬೆಟಿನವರ ಕ್ಯಾಂಪಿನಲ್ಲಿ ಬೆಳೆದವಳಂತೆ. ಮಾತು ಮಾತ್ರ ನಮ್ಮದೇ ಕನ್ನಡ.

ಕೆಂಪು ಸ್ವೆಟರನ್ನು ಎದೆಗೆ ಹಿಡಿದು, "ಅಕ್ಕಾರಿಗೆ ಇದ ಚಂದ ಕಾಣ್ತೈತ್ರಿ" ಎಂದು ನಕ್ಕಳು. ಹೆಂಡತಿಯನ್ನು ಕೇಳದೆ ಬಣ್ಣ ಆರಿಸುವ ಧೈರ್ಯ ನನಗಿಲ್ಲ. ಫೋಟೋ ಹೊಡೆದು ಮನೆಯವರ ಗ್ರೂಪಿಗೆ ಹಾಕಿದೆ.

ಆಕೆಯ ನಗು ಅಲ್ಲೇ ನಿಂತಿತು. "ನನ್ನ ಮಾರಿ ಬಂತೇನ್ರಿ ಅದರಾಗ? ತಗೀರಿ ಅಣ್ಣಾರ, ಮೊದಲ ತಗೀರಿ."

"ಯಾಕ್ರಿ?"

"ನಮ್ಮಕ್ಕ ಇನ್ನೂ ಟಿಬೆಟ್‌ನಾಗ ಅದಾಳ್ರಿ. ಹೋದ ವರ್ಷ ಇಲ್ಲಿ ಯಾರದೋ ಮದುವಿ ಫೋಟೋದಾಗ ನಾ ಇದ್ದೆ. ಅದನ್ನ ಹಿಡಕೊಂಡು ಅಲ್ಲಿ ಚೀನಾ ಪೊಲೀಸರು ಆಕಿ ಮನಿಗೆ ಬಂದಿದ್ರಂತ. ಈಕಿ ನಿನಗ ಏನಾಗಬೇಕು ಅಂತ ಕೇಳಿದ್ರಂತ. ಅಷ್ಟು ಹೇಳಿ ಫೋನ್ ಇಟ್ಟಾಕಿ, ಮತ್ತ ಎತ್ತಿಲ್ರಿ."

ತಕ್ಷಣ ಅಳಿಸಿದೆ. ಆಕೆಗೆ ಸಮಾಧಾನವಾಗಲಿಲ್ಲ. ನನ್ನ ಮೊಬೈಲು ಇಸಕೊಂಡು ಗ್ರೂಪನ್ನು ಮೇಲೆ ಕೆಳಗೆ ಸರಿಸಿ ತಾನೇ ನೋಡಿದಳು.

"ಯಾರೂ ನೋಡಿಲ್ಲ, ಹೌದಿಲ್ರಿ?"

"ಇಲ್ರಿ" ಎಂದುಬಿಟ್ಟೆ. ನನಗೇನು ಗೊತ್ತಿತ್ತು! ಸ್ವೆಟರು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಇಷ್ಟು ಬರೆಯುವಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ಹುಬ್ಬಳ್ಳಿಯ ತಂಗಿಯ ಮೆಸೇಜು:

"ಅಣ್ಣಾ, ಫೋಟೋ ಯಾಕ ಅಳಿಸಿದಿ? ಚಿಂತಿಲ್ಲ, ನಾ ಆಗಲೇ ನಮ್ಮ ಕಾಲನಿ ಗ್ರೂಪಿಗೆ ಹಾಕೀನಿ. ಎಲ್ಲಾರೂ ಈ ಹೆಣ್ಣಮಗಳ ಅಂಗಡಿ ಎಲ್ಲೈತಿ ಅಂತ ಕೇಳಾಕತ್ತಾರ."