ಇಬ್ಬರೂ ಹತ್ತು ಎಣಿಸಿದ್ವಿ

ರೊಟ್ಟಿ ಮುಟ್ಟಿ ಹೇಳತೇನಿ, ಇದರಾಗ ಒಂದು ಮಾತೂ ಸುಳ್ಳಲ್ಲ. ಎಪ್ಪತ್ತೈದರ ಆಸುಪಾಸು ಮನೋಳಿ ಕಡೆ ಕಾಲುವಿ ಕೆಲಸ ನಡದಿತ್ತು. ಕುಣಿ ಕೊರದು ಮದ್ದು ತುಂಬಿ, ಸುರಂಗ ಹಚ್ಚಿ ಬಂಡೆಗಲ್ಲು ಹಾರಸೂದ್ರಾಗ ನನ್ನಂಥ ಗಂಡಸು ಇನ್ನೊಬ್ಬ ಇರಲಿಲ್ಲ.

ಒಂದು ಫರ್ಲಾಂಗು ಆಚಿಗೆ, ತಿರುವಿನಾಗ, ನನ್ನ ಜೋಡಿ ಕೆಲಸದ ಹುಸೇನಸಾಬ ದಾರಿ ಕಾಯತಿದ್ದ. ಇಬ್ಬರ ಕೈಯಾಗೂ ವಾಕಿಟಾಕಿ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಇಬ್ಬರೂ ಕೂಡೇ ಒತ್ತಿದ್ರ ಇಬ್ಬರದೂ ಕೇಳೂದಿಲ್ಲ. "ಹಂಗಾದ್ರ ಹತ್ತು ಎಣಿಸಿ ಮತ್ತ ಒತ್ರಿ" ಅಂತ ಕಾಲುವಿ ಇಂಜಿನಿಯರ್ ಸಾಹೇಬರು ಹೇಳಿದ್ರು.

ಅವತ್ತ ಹುಸೇನ "ದಾರಿ ಸಾಫ್ ಐತಿ, ಹಚ್ಚು" ಅಂದ. ಬತ್ತಿಗೆ ಬೆಂಕಿ ಇಟ್ಟು ದೂರ ಸರದು, "ಹಚ್ಚೇನಿ, ಯಾರನ್ನೂ ಬಿಡಬ್ಯಾಡ" ಅಂದೆ. ಗುಂಡಿ ಬಿಟ್ಟಕೂಡ್ಲೆ ಅವನ ಮಾತಿನ ಬಾಲ ಅಷ್ಟ ಕೇಳ್ತು: "...ಹೋತು!"

ಏನು ಹೋತು? ಹತ್ತು ಎಣಿಸಿ ಒತ್ತಿ, "ಏನ್ ಹೋತಲೇ?" ಅಂತ ಒದರಿದೆ. ಆ ಮಗನೂ ಹತ್ತು ಎಣಿಸೇ ಒತ್ತಿದ್ದ! ಮತ್ತ ಬರೇ "...ಹೋತು!" ಬತ್ತಿ ಅರ್ಧ ಉರದಿತ್ತು.

ಹುಟ್ಟಿದಾಗಿಂದ ಬಾಯಿ ಮುಚ್ಚದವ ನಾನು, ಈ ಸಲ ಹತ್ತಾದ್ರೂ ಒತ್ತಲಿಲ್ಲ. ವಾಕಿಟಾಕಿಗೆ ಕಿವಿ ಹಚ್ಚಿದೆ, ಹುಸೇನನ ಮಾತು ಪೂರಾ ಬಂತು:

"ಎತ್ತಿನ ಚಕ್ಕಡಿ ನನ್ನ ತಪ್ಪಿಸಿ ನಿನ್ನ ಕಡೆ ಹೋತು! ಒಳಗ ಮುದುಕಿ ಅದಾಳಲೇ ದೋಸ್ತ!"

ಓಡಿಹೋಗಿ ಕುಡಗೋಲಲೆ ಬತ್ತಿ ಕೊಯ್ದೆ. ಇನ್ನ ಗೇಣುದ್ದ ಉಳದಿತ್ತು.

ಆ ಮುದುಕಿ ನಮ್ಮ ಗುತ್ತೇದಾರನ ಹಡದವ್ವ. ಕೆಲಸ ಕೆಡಿಸಿದಿ ಅಂತ ಆ ಪುಣ್ಯಾತ್ಮ ನನ್ನ ಪಗಾರದಾಗ ಮುರಕೊಂಡದ್ದು ಏಳು ರೂಪಾಯಿ ಎಂಟಾಣೆ.