ತಿರುಗಿ ಬರಬೇಕಾದ ಗಂಟೆ

ಅವರ ಬಲಗೈಯ ಹೆಬ್ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅಂಗೈಯ ಬುಡದಲ್ಲಿ ಹುಣಸೆ ಬೀಜದಷ್ಟು ನುಣುಪಾದ, ಗಟ್ಟಿಯಾದ ಒಂದು ಜಡ್ಡು ಇತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಬ್ರೇಕಿನ ಹಿಡಿ ಹಿಡಿದ ಕೈ ಅದು. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಾಗಲೂ ಆ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು. ಬಿಟ್ಟರೆ ಯಾರೋ ಬಿದ್ದೇಹೋಗುತ್ತಾರೆ ಅನ್ನುವ ಹಾಗೆ.

ಚಿನ್ನದ ಗಣಿಯ ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಚಾಂಪಿಯನ್ ರೀಫ್ಸಿನ ಲೈನ್ ಮನೆಗಳಲ್ಲಿ ನಮ್ಮ ಮನೆಗೂ ಅವರ ಮನೆಗೂ ಮಧ್ಯೆ ಒಂದೇ ಗೋಡೆ. ಎಲ್ಲರೂ ಅವರನ್ನು ವೈಂಡಿಂಗ್ ಮಾಮ ಅನ್ನುತ್ತಿದ್ದರು. ಪ್ರಾಯದಲ್ಲಿ ಎಂಟು ವರ್ಷ ಗಣಿಯ ಕೆಳಗೆ ಬಂಡೆ ಕೊರೆದು, ಆಮೇಲೆ ಮೇಲೆ ಬಂದು ವೈಂಡಿಂಗ್ ಎಂಜಿನ್ ಡ್ರೈವರ್ ಆದವರು. ಅಂದರೆ ಆಳುಗಳು ನಿಂತ ಕೇಜನ್ನು ಹಗ್ಗದಲ್ಲಿ ಗಣಿಯೊಳಕ್ಕೆ ಇಳಿಸುವುದು, ಮೇಲಕ್ಕೆ ಎತ್ತುವುದು ಅವರ ಕೆಲಸ. ಕೇಜು ಅವರ ಕಣ್ಣಿಗೆ ಕಾಣಿಸುತ್ತಿರಲಿಲ್ಲ, ಗಂಟೆ ಮಾತ್ರ ಕೇಳಿಸುತ್ತಿತ್ತು. ಒಂದು ಗಂಟೆಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು, ಮನುಷ್ಯರು ಹತ್ತಿದ್ದರೆ ಮೂರು. ಕೆಳಗಿನಿಂದ ಗಂಟೆ ಬಂದರೆ ಅಷ್ಟೇ ಗಂಟೆಯನ್ನು ಇವರು ತಿರುಗಿ ಹೊಡೆಯಬೇಕು. ಹೊಡೆಯದೆ ಕೇಜನ್ನು ಒಂದು ಗೇಣೂ ಅಲ್ಲಾಡಿಸುವ ಹಾಗಿಲ್ಲ.

ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಈ ಅಭ್ಯಾಸ ಅವರನ್ನು ಬಿಡಲಿಲ್ಲ. "ಅತ್ತೆ, ಮಾಮಂಗೆ ಕಾಫಿ ಬೇಕಂತೆ" ಅಂತ ನಾನು ಗೋಡೆಯಾಚೆಗೆ ಕೂಗಿದರೆ, ಒಳಗಿಂದ ಅವರ ಹೆಂಡತಿ "ಕಾಫಿ" ಅಂತ ತಿರುಗಿ ಹೇಳಬೇಕು. ಹೇಳದಿದ್ದರೆ ಮಾಮನಿಗೆ ಸಮಾಧಾನವಿಲ್ಲ. ಅತ್ತೆಗೆ ಇದರಿಂದ ರೋಸಿಹೋಗಿತ್ತು. "ಮದ್ವೆ ಆದಾಗ್ಲಿಂದ ಗಂಟೆ ಒಡೀತಾನೇ ಇವ್ನಿ" ಅನ್ನುತ್ತಿದ್ದರು.

ನನ್ನನ್ನು ಮಾಮ ಪಾಪ ಅಂತ ಕರೆಯುತ್ತಿದ್ದರು. ನಮ್ಮ ಕಡೆ ಹೆಣ್ಣುಮಗುವಿಗೆ ಹಾಗನ್ನುವುದು ರೂಢಿ. ನಲವತ್ತೆರಡು ವರ್ಷದ ಪಾಪ ನಾನು. ಬಂಗಾರಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕನ್ನಡದಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದೇನೆ. ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಬಂಡೆ ಕೊರೆದ ಎಂಟು ವರ್ಷದ ಧೂಳು ಮಾಮನ ಎದೆಯಲ್ಲಿ ಹಾಗೇ ಕೂತಿತ್ತು. ಉಸಿರು ಕಟ್ಟಿದರೆ ಮಾತು ಹೊರಡುತ್ತಿರಲಿಲ್ಲ. ಅತ್ತೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋದವರು ಬರುವುದು ಮೂರು ಗಂಟೆಗೆ. ಒಂದು ದಿನ ಅಂಗಡಿಯಲ್ಲಿ ಜನ ಮುತ್ತಿಕೊಂಡಿದ್ದಾಗ ಮಾಮನ ಫೋನ್ ಬಂತು. ಎತ್ತಿದೆ. ಆ ಕಡೆಯಿಂದ ಮಾತಿಲ್ಲ, ಏನೋ ಗೊರಗೊರ ಸದ್ದು. ಎಲ್ಲೋ ಕೈ ತಗುಲಿರಬೇಕು ಅಂದುಕೊಂಡು ಕಟ್ ಮಾಡಿದೆ. ಇನ್ನೊಂದು ಸಲ ಬಂತು, ಮತ್ತೆ ಕಟ್ ಮಾಡಿದೆ. ಅತ್ತೆ ಬರುವವರೆಗೂ ಅವರು ಬಾಗಿಲ ಹತ್ತಿರ ನೆಲದ ಮೇಲೆ ಬಿದ್ದಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗಂಟೆ ಕೊಟ್ಟೆ ಪಾಪ, ತಿರುಗಿ ಬರ್ಲಿಲ್ಲ" ಅಂದರು, ಅಷ್ಟೇ. ಆ ಮಾತು ನನ್ನ ಜೀವ ತಿಂದುಬಿಟ್ಟಿತು.

ಫೋನಿಗೆ ಒಂದು ಆ್ಯಪ್ ಮಾಡುತ್ತೇನೆ ಅಂತ ನಾನು ಹಟ ಹಿಡಿದದ್ದು ಆಗ. ಪರದೆಯ ಮೇಲೆ ಒಂದೇ ಒಂದು ದೊಡ್ಡ ಬಟನ್. ಮಾಮ ಒತ್ತಿದರೆ ಮಾತಿಲ್ಲದೆಯೇ ನನ್ನ ಫೋನಿನಲ್ಲಿ ಗಂಟೆ ಹೊಡೆಯಬೇಕು. ಆಗ ಅದು ಅವರದೇ ಕರೆ, ಕೈ ತಗುಲಿದ್ದಲ್ಲ ಅಂತ ಗೊತ್ತಾಗಬೇಕು. ಹೇಳಿದಾಗ ಅವರು ನಕ್ಕರು. "ಅದಕ್ಕೆ ಕಂಪ್ಯೂಟರ್ ಯಾಕಮ್ಮ, ಒಂದು ಲೋಟ ಒಂದು ಚಮಚ ಸಾಕು" ಅಂದರು. ಬಂಗಾರಪೇಟೆಗೆ ಕೇಳಿಸುವ ಲೋಟ ಎಲ್ಲಿದೆ ಅಂತ ನಾನು ಕೇಳಿದೆ. ಆಗ ಒಂದು ಷರತ್ತು ಹಾಕಿದರು: "ಬರೀ ಓಗೋ ಗಂಟೆ ಬ್ಯಾಡ. ನೀನು ಒತ್ತಿದ್ರೆ ನಂಗೂ ತಿರುಗಿ ಬರ್ಬೇಕು."

ಅಂಗಡಿಯಲ್ಲಿ ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ತಂದೆ. ಇಂಟರ್ನೆಟ್ಟಿನಲ್ಲಿ ಪಾಠ ಹೇಳುವ ಹುಡುಗನೊಬ್ಬ ಹತ್ತು ನಿಮಿಷದಲ್ಲಿ ಎಲ್ಲ ಜೋಡಿಸಿ ಆ್ಯಪನ್ನೂ ಮಾಡಿ ತೋರಿಸಿದ್ದ. ಅವನ ಬಾಯಿಗೆ ಮಣ್ಣು ಹಾಕ. ನನಗೆ ಹಿಡಿದದ್ದು ಐದು ಭಾನುವಾರ. ಮೊದಲನೆಯ ಭಾನುವಾರ ಆ್ಯಪ್ ಮಾಡುವ ಸಾಮಾನು ಇಳಿಸಿಕೊಳ್ಳುವುದರಲ್ಲೇ ಹೋಯಿತು. ಮುಕ್ಕಾಲು ಪಾಲು ಇಳಿದಾಗ ಕರೆಂಟು ಕೈಕೊಟ್ಟಿತು, ಮತ್ತೆ ಮೊದಲಿಂದ ಶುರು. ಇಳಿಸಿದ ಮೇಲೆ ಜಾಗ ಸಾಲದು ಅಂತು. ಜಾಗ ಮಾಡಿಕೊಟ್ಟೆ. ಹಳೆಯದು, ಹೊಸದು ಬೇಕು ಅಂತು. ಅದನ್ನೂ ಹಾಕಿದೆ. ಎಲ್ಲ ಮುಗಿಯಿತು ಅಂತ ಬಟನ್ ಒತ್ತಿದರೆ ಪರದೆಯ ತುಂಬ ಕೆಂಪು ಅಕ್ಷರ.

ಕೆಂಪು ಕಂಡರೆ ನಾನು ಮುಚ್ಚಿಬಿಡುತ್ತಿದ್ದೆ. ಎಲ್ಲ ಅಳಿಸಿ, ಕಂಪ್ಯೂಟರನ್ನೇ ಹೊಸದಾಗಿ ಕೂರಿಸಿ, ಮತ್ತೆ ಶುರು ಮಾಡುತ್ತಿದ್ದೆ. ಪ್ರತಿ ಸಲವೂ ಅದು ಮೊದಲು ನಿಮ್ಮ ಹೆಸರೇನು ಅಂತ ಕೇಳುತ್ತದೆ. ಪ್ರತಿ ಸಲವೂ ಹೆಸರನ್ನು ಅಚ್ಚುಕಟ್ಟಾಗಿ ಟೈಪ್ ಮಾಡುತ್ತಿದ್ದೆ. ಸಂಜೆಯ ಹೊತ್ತಿಗೆ ಅದೇ ಕೆಂಪು.

ಮಾಮ ತಮ್ಮ ಕುರ್ಚಿಯನ್ನು ನಮ್ಮ ಮನೆಗೇ ತಂದುಕೊಂಡು ನನ್ನ ಪಕ್ಕ ಕೂರುತ್ತಿದ್ದರು. ನಾಲ್ಕನೆಯ ಭಾನುವಾರ ಅವರು ಕೇಳಿದರು, "ಏನ್ ಯೇಳ್ತೈತೆ ಅದು?"

"ತಪ್ಪಾಗಿದೆ ಅಂತೆ."

"ಏನ್ ತಪ್ಪು?"

"ಏನೋ ಒಂದು ತಪ್ಪು ಮಾಮ."

"ಏನೋ ಒಂದು ಅಂತ ಯಾರೂ ಗಂಟೆ ಒಡಿಯಲ್ಲ. ಅದು ಯೇಳಿದ್ದನ್ನ ತಿರುಗಿ ಯೇಳು."

ಬೆಳಗಿಂದ ತಿಂಡಿ ತಿಂದಿರಲಿಲ್ಲ, ತಲೆ ಕೆಟ್ಟು ಕೂತಿದ್ದೆ. "ಇದು ನಿಮ್ಮ ಗಣಿ ಅಲ್ಲ ಮಾಮ. ಮುಚ್ಚಿಹೋದ ಕಂಪನಿ ಬುದ್ಧಿ ಇಲ್ಲಿ ನಡೆಯಲ್ಲ, ಸುಮ್ನೆ ಕೂತ್ಕೊಳಿ" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಎದ್ದು ನೀರು ಹಿಡಿಯಲು ನಲ್ಲಿಯ ಹತ್ತಿರ ಹೋದೆ. ಬೇಕೆಂದೇ ತಡ ಮಾಡಿದೆ.

ಬಂದು ನೋಡಿದರೆ ಕುರ್ಚಿ ಖಾಲಿ. ಹೊರಟುಹೋಗಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಂದಿನ ಭಾನುವಾರ ತಾವೇ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್ಕು. ನಾನು ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಪರದೆಯ ಮೇಲಿದ್ದ ಕೆಂಪು ಅಕ್ಷರಗಳನ್ನೆಲ್ಲ ಒಂದೊಂದಾಗಿ ಬರೆದುಕೊಂಡಿದ್ದರು. ಎಂಜಿನ್ ರೂಮಿನ ಲಾಗ್ ಪುಸ್ತಕ ಬರೆದ ಕೈ ಅದು. ದಪ್ಪ ಇಂಗ್ಲಿಷ್ ಅಕ್ಷರ, ಚುಕ್ಕೆ, ಅಡ್ಡಗೆರೆ ಯಾವುದನ್ನೂ ಬಿಟ್ಟಿರಲಿಲ್ಲ. ಪ್ರತಿ ಸಾಲಿನ ಮಧ್ಯೆಯೂ ಒಂದು ಕಡೆ ಐದು ಚೌಕ ಬರೆದಿದ್ದರು.

"ಇಂಗ್ಲೀಷೆಲ್ಲ ನಂಗೆ ಅರ್ಥ ಆಗಕಿಲ್ಲ. ಆದ್ರೆ ಈ ಐದು ಡಬ್ಬಿ ಎಲ್ಲಾ ಸಾಲಲ್ಲೂ ಬತ್ತವೆ. ಇದ್ರೊಳಗೆ ಯಾರವ್ರೆ ನೋಡು" ಅಂದರು.

ನೋಡಿದೆ. ಡಬ್ಬಿಗಳ ಹಿಂದೆ ಕಂಪ್ಯೂಟರ್ ಬಳಸುವವರ ಹೆಸರು ಇಡುವ ಜಾಗ, ಮುಂದೆ ನಾನು ಇಳಿಸಿಕೊಂಡ ಸಾಮಾನು ಎಲ್ಲಿದೆ ಅನ್ನುವ ದಾರಿ. ಆಮೇಲೆ ಕೆಂಪು ಸಾಲನ್ನು ಮೊದಲ ಸಲ ಜೋರಾಗಿ ಓದಿದೆ. ದಾರಿಯಲ್ಲಿ ಇಂಗ್ಲಿಷಲ್ಲದ ಅಕ್ಷರ ಇದೆ, ಅದಿದ್ದರೆ ಕೆಲಸ ಮಾಡುವುದಿಲ್ಲ ಅಂತ ಅದು ಸ್ಪಷ್ಟವಾಗಿಯೇ ಬರೆದಿತ್ತು. ಪ್ರತಿ ವಾರವೂ ಅದನ್ನೇ ಹೇಳಿತ್ತು. ಆ ಐದು ಡಬ್ಬಿ ನನ್ನ ಹೆಸರು. ಕನ್ನಡದಲ್ಲಿ ಟೈಪ್ ಮಾಡಿದ ನನ್ನ ಹೆಸರು, ಅದಕ್ಕೆ ಓದಲು ಬಾರದೆ ಡಬ್ಬಿಯಾಗಿತ್ತು.

ಹದಿನೆಂಟು ವರ್ಷ ಇಡೀ ತಾಲ್ಲೂಕಿನ ಜನರ ಹೆಸರನ್ನು ಒಂದು ಕೊಂಬು ಒಂದು ಒತ್ತು ತಪ್ಪದೆ ಟೈಪ್ ಮಾಡಿದ್ದೇನೆ. ಇದಕ್ಕೆ ನನ್ನ ಹೆಸರೇ ತಪ್ಪಂತೆ. ನಾನು ಏನು ತಪ್ಪು ಮಾಡಿದೆನೋ ಅಂತ ಐದು ವಾರ ಹುಡುಕಿದೆ, ತಪ್ಪು ನಾನೇ ಅಂತ ಅದು ಹೇಳುತ್ತಿತ್ತು. ಮಾಮನ ಮುಂದೆಯೇ ಅತ್ತುಬಿಟ್ಟೆ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲ್ಲ, ಆ್ಯಪೂ ಬೇಡ ಏನೂ ಬೇಡ ಅಂದೆ.

ಅವರು ಸಮಾಧಾನ ಹೇಳಲು ಹೋಗಲಿಲ್ಲ. ಉಸಿರು ಎಳೆದುಕೊಳ್ಳುತ್ತ ನಿಧಾನವಾಗಿ ಹೇಳಿದರು: "ಗಣೀಲಿ ನಂಗೂ ಎಸ್ರಿರ್ಲಿಲ್ಲ ಪಾಪ. ಒಂದು ಬಿಲ್ಲೆ, ಅದ್ರ ಮೇಲೊಂದು ನಂಬ್ರು. ಸಂಬ್ಳಕ್ಕೂ ಅದೇ, ಸತ್ರೂ ಅದೇ. ಕೋಪ ಬತ್ತಿತ್ತು. ಆದ್ರೂ ಕೇಜಲ್ಲಿ ಜನ ನಿಂತವ್ರೆ ಅಂದಾಗ ನಾನು ನಂಬ್ರು ಬಗ್ಗೆ ಜಗಳ ಆಡ್ತಾ ಕೂರ್ಲಿಲ್ಲ."

ಈಗ ಕೇಜಿನಲ್ಲಿ ನಿಂತಿರುವವರು ಯಾರು ಅಂತ ಕೇಳಬೇಕಾಗಿರಲಿಲ್ಲ. ಅವರ ಎದೆ ನನ್ನ ಕಣ್ಣಮುಂದೆಯೇ ಏರಿಳಿಯುತ್ತಿತ್ತು. ಮೂಗು ಒರೆಸಿಕೊಂಡು ಕೂತು ಎಲ್ಲವನ್ನೂ ಅಳಿಸಿದೆ. ಹೆಸರು ಕೇಳಿದಾಗ ಇಂಗ್ಲಿಷಿನಲ್ಲಿ ಒಂದೇ ಒಂದು ಪದ ಟೈಪ್ ಮಾಡಿದೆ: ಪಾಪ. ಪರದೆಯ ಮೇಲೆ ಏನು ಕೇಳಿದರೂ ಜೋರಾಗಿ ಓದಿದೆ. ಅವರು ತಲೆಯಾಡಿಸಿದ ಮೇಲೆಯೇ ಮುಂದಿನದನ್ನು ಒತ್ತಿದೆ. ಅವತ್ತು ಸಂಜೆ ಹಾಲಿನವನು ಬರುವ ಹೊತ್ತಿಗೆ ನನ್ನ ಫೋನಿನ ಮೇಲೆ ನನ್ನದೇ ಆ್ಯಪು ತೆರೆದುಕೊಂಡಿತು. ಬಟನ್ನಿನ ಮೇಲೆ ಗಂಟೆ ಅಂತ ಕನ್ನಡದಲ್ಲಿ ಬರೆದಿದ್ದೆ. ಅದರೊಳಗೆ ಕನ್ನಡಕ್ಕೆ ಅಡ್ಡಿ ಇರಲಿಲ್ಲ. ಅಷ್ಟಾದರೂ ಸೇಡು ತೀರಿತು.

ಗಂಟೆ ಹೋಗಿ ತಿರುಗಿ ಬರುವ ಹಾಗೆ ಮಾಡಲು ಇನ್ನೂ ಎರಡು ತಿಂಗಳು ಗೋಳಾಡಿದೆ. ಆ ಕೆಂಪು ಸಾಲುಗಳನ್ನೆಲ್ಲ ಇಬ್ಬರೂ ಕೂತು ಓದಿದೆವು. ಆಮೇಲೆ ಮಾಮನ ಫೋನಿಗೂ ಹಾಕಿ, ಚೆನ್ನಾಗಿದ್ದರೆ ಒಂದು ಗಂಟೆ, ಉಸಿರು ಕಟ್ಟಿದರೆ ಮೂರು ಅಂತ ಗೊತ್ತು ಮಾಡಿಕೊಂಡೆವು. ಪ್ರತಿದಿನ ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ನನ್ನ ಫೋನು ಒಂದು ಸಲ ಠಣ್ ಅನ್ನುತ್ತಿತ್ತು. ಯಾರ ಅರ್ಜಿ ಅರ್ಧದಲ್ಲಿದ್ದರೂ ನಿಲ್ಲಿಸಿ ತಿರುಗಿ ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಒಂದರ ಹಿಂದೆ ಒಂದು ಮೂರು ಸಲ ಬಂತು. ನಾನು ತಿರುಗಿ ಒತ್ತಿ, ಲೈನಿನ ಆಟೋದವನಿಗೆ ಫೋನ್ ಮಾಡಿದೆ. ಅವನು ಆಸ್ಪತ್ರೆ ಮುಟ್ಟಿಸಿದ. ಗಂಟೆ ತಿರುಗಿ ಬಂದ ಮೇಲೆ ಹೆದರಿಕೆ ಹೋಯಿತು, ಹೆದರಿಕೆ ಹೋದ ಮೇಲೆ ಸ್ವಲ್ಪ ಉಸಿರು ಬಂತು ಅಂತ ಮಾಮ ಆಮೇಲೆ ಹೇಳಿದರು. ಅದಾದ ಮೇಲೆ ಏಳು ತಿಂಗಳು ಇದ್ದರು.

ಹೋದದ್ದು ಒಂದು ಬೆಳಿಗ್ಗೆ. ಅತ್ತೆ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ನಾನು ರೈಲಿನಲ್ಲಿದ್ದೆ. ಆ ದಾರಿಯಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅವತ್ತು ಹೋದದ್ದು ಬರಲೇ ಇಲ್ಲ. ಬಂಗಾರಪೇಟೆ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟಾಗ ಫೋನು ಒಟ್ಟಿಗೇ ಮೂರು ಸಲ ಹೊಡೆಯಿತು. ಸಮಯ ನೋಡಿದೆ. ಅವರು ಒತ್ತಿ ಅರ್ಧ ಗಂಟೆಯಾಗಿತ್ತು. ತಿರುಗಿ ಒತ್ತಿದೆ. ಒತ್ತುತ್ತಲೇ ಇದ್ದೆ.

ಆಟೋ ಮಾಡಿಕೊಂಡು ವಾಪಸ್ ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವರ ಮಡಿಲಲ್ಲಿ ಒಂದು ಸ್ಟೀಲ್ ಲೋಟ ಇತ್ತು, ಅದರಲ್ಲಿ ಒಂದು ಚಮಚ.

"ನಿನ್ ಗಂಟೆ ಬಂತಮ್ಮ, ಎಲ್ಲಾ ಮುಗುದ್ಮ್ಯಾಲೆ ಬಂತು" ಅಂದರು. "ಅವ್ರು ಮೂರು ಸಲ ಒತ್ತಿ ಫೋನೇ ನೋಡ್ತಿದ್ರು. ತಿರುಗಿ ಬರ್ಲಿಲ್ಲ, ತಿರುಗಿ ಬರ್ಲಿಲ್ಲ ಅಂತ ತುಟೀಲೇ ಅಂತಾ ಒದ್ದಾಡ್ತಿದ್ರು. ನಂಗೆ ನೋಡಕ್ಕಾಗ್ಲಿಲ್ಲ. ತಲೆ ಹಿಂದೆ ನಿಂತ್ಕೊಂಡು ಲೋಟಕ್ಕೆ ಚಮಚದಲ್ಲಿ ಮೂರು ಸಲ ಒಡ್ದೆ. ಆಮ್ಯಾಲೆ ಕೈ ಸಡ್ಲ ಬಿಟ್ರು. ಪಾಪಂಗೆ ಕೇಳಿಸ್ತು ಅಂದ್ರು."

ನನಗೆ ಕೇಳಿಸಿರಲಿಲ್ಲ.